ಖಾಲಿ ತಿರುಗುತ್ತಿದ್ದ ಲೇತ್

ದೆವ್ವದ ಮಾತೆತ್ತುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ದಾಂಡೇಲಿಯಲ್ಲಿದ್ದುಕೊಂಡು ಹೀಗೆ ಹೇಳಲು ಗಟ್ಟಿ ಗುಂಡಿಗೆ ಬೇಕು. ಅಲ್ಲಿ ರಸ್ತೆಯ ಒಂದೊಂದು ತಿರುವಿಗೂ ಒಂದೊಂದು ಕತೆ. ಕುಳಗಿ ಕ್ಯಾಂಪಿನಿಂದ ಜೀಪು ರಿಪೇರಿಗೆ ತರುತ್ತಿದ್ದ ಡ್ರೈವರನೊಬ್ಬ ಆಕ್ಸಲ್ ಮುರಿದಾಗಲೆಲ್ಲ, "ಆ ಹಳ್ಳದ ಹತ್ರ ಯಾರೋ ಹಿಂದಿನಿಂದ ಹಿಡದ ಜಗ್ಗಿದ್ರು ನೋಡ್ರಿ" ಎನ್ನುತ್ತಿದ್ದ. "ಯಾರೂ ಜಗ್ಗಿಲ್ಲೋ ಯಪ್ಪಾ, ನೀ ಗ್ರೀಸ್ ಹಾಕಿಲ್ಲ. ಮೊದಲ ಅದನ್ನ ಹಾಕು, ಆಮ್ಯಾಲೆ ದೆವ್ವಕ್ಕ ಬೈಯಿ" ಎಂದು ನಾನು ರೇಗುತ್ತಿದ್ದೆ.

ಆ ರೇಗು ಇನ್ನೂ ಹೋಗಿಲ್ಲ. ಆದರೆ ತಿರುಗುವ ಕಬ್ಬಿಣಕ್ಕೆ ಟೂಲ್ ತಾಗಿಸುವ ಮೊದಲು ಇವತ್ತಿಗೂ ಒಂದು ಗಳಿಗೆ ನನ್ನ ಕೈ ತಡೆಯುತ್ತದೆ. ಗೋಡೆಯ ಆಚೆ ಯಾರೋ ಮಲಗಿಕೊಂಡು ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸುತ್ತದೆ. ನನ್ನ ಶೆಡ್ಡಿನ ಗೋಡೆಯ ಆಚೆ ಇರುವುದು ಮುನಸಿಪಾಲಿಟಿಯ ಗಟಾರ, ಅದು ನನಗೂ ಗೊತ್ತು. ಗೊತ್ತಿದ್ದರೂ ಕೈ ತಡೆಯುತ್ತದೆ. ಹಳಿಯಾಳದ ಒಂದು ಮನೆಯಿಂದ ಇದು ನನಗೆ ಅಂಟಿಕೊಂಡು ಬಂದಿದೆ.

ಎಂಬತ್ತರ ದಶಕದ ನಡುವಿನ ಮಾತು. ಕಾಗದದ ಗಿರಣಿಯ ಭೋಂಗಾ ಕೇಳಿ ಏಳುವ, ಭೋಂಗಾ ಕೇಳಿ ಉಣ್ಣುವ ಊರು ನಮ್ಮದು. ಪೇಟೆಯ ತುದಿಗೆ ನನ್ನದೊಂದು ತಗಡಿನ ಶೆಡ್ಡು. ಒಳಗೆ ಒಂದು ಹಳೆಯ ಲೇತ್, ಒಂದು ಡ್ರಿಲ್, ಒಂದು ವೆಲ್ಡಿಂಗ್ ಸೆಟ್, ನಾನು, ಮತ್ತು ಚಾಚಾ. ಚಾಚಾ ನಮ್ಮ ಓಣಿಯ ಹಿರಿಯ ಫಿಟ್ಟರ್. ಕೆಲಸದಿಂದ ರಿಟೈರ್ ಆದ ಮೇಲೆ ಮನೆಯಲ್ಲಿ ಕೂತರೆ ಸೊಸೆಯಂದಿರ ಕಾಟ ಎಂದು ನನ್ನ ಶೆಡ್ಡಿಗೆ ಬಂದು ಸೇರಿಕೊಂಡಿದ್ದರು. ಗುರುವಾರ ಸಂಜೆ ಅವರು ಲೋಬಾನ ಹಾಕುತ್ತಿದ್ದರು, ಖಂಡೇಪೂಜೆಯ ದಿನ ನಾನು ಕುಂಬಳಕಾಯಿ ಒಡೆಯುತ್ತಿದ್ದೆ. ಎರಡಕ್ಕೂ ನಮ್ಮ ಲೇತ್ ತಕರಾರು ಮಾಡುತ್ತಿರಲಿಲ್ಲ.

ಲೇತ್ ಅಂದರೆ ಕಬ್ಬಿಣದ ರಾಡನ್ನು ಕಚ್ಚಿ ಹಿಡಿದು ಗರಗರ ತಿರುಗಿಸುವ ಯಂತ್ರ. ತಿರುಗುವ ರಾಡಿಗೆ ಟೂಲ್ ಒತ್ತಿ, ಬೇಕಾದ ಅಳತೆಗೆ ಕಡೆದುಕೊಳ್ಳಬೇಕು. ಗುಂಡಗಿರುವುದನ್ನೆಲ್ಲ ನಾವು ಮಾಡಿಕೊಡುತ್ತಿದ್ದೆವು. ಗೇರು ಚಕ್ರದ ಹಲ್ಲು ಕಡೆಯುವುದಕ್ಕೆ, ಶಾಫ್ಟಿನ ಮೈಮೇಲೆ ಉದ್ದಕ್ಕೆ ಗೀರು ತೋಡುವುದಕ್ಕೆ ಮಾತ್ರ ಮಿಲ್ಲಿಂಗ್ ಬೇಕು. ಅದು ನಮ್ಮಲ್ಲಿರಲಿಲ್ಲ. ಅಂಥ ಕೆಲಸ ಬಂದರೆ ಗೋಣಿಚೀಲದಲ್ಲಿ ಕಟ್ಟಿ ಹುಬ್ಬಳ್ಳಿ ಬಸ್ಸಿನ ಮೇಲೆ ಹಾಕಬೇಕು, ಅವರು ಮಾಡಿಕೊಟ್ಟಾಗ ತರಬೇಕು. ಮುಂಡಗೋಡದ ಅಕ್ಕಿ ಗಿರಣಿಯ ಸಾಹುಕಾರರು ನಮ್ಮ ದೊಡ್ಡ ಗಿರಾಕಿ. ಹಿಂದಿನ ಸುಗ್ಗಿಯಲ್ಲಿ ಅವರ ಗೇರು ಹುಬ್ಬಳ್ಳಿಯಲ್ಲೇ ಕೂತುಬಿಟ್ಟು, ಇಲ್ಲಿ ಗಿರಣಿ ನಿಂತು, ಭತ್ತದ ಚೀಲ ಬಾಗಿಲ ತನಕ ಬಿದ್ದಿದ್ದವು.

"ಈ ಸುಗ್ಗಿಯೊಳಗ ನಿಮ್ಮಲ್ಲೇ ಹಲ್ಲ ಕಡಿಯೂ ವ್ಯವಸ್ಥಾ ಆಗದಿದ್ರ ನನ್ನ ಕೆಲಸ ಪೂರಾ ಹುಬ್ಬಳ್ಳಿಗೇ ಕೊಡ್ತೇನ್ರೀ. ಬ್ಯಾಸರ ಮಾಡ್ಕೋಬ್ಯಾಡ್ರಿ" ಎಂದು ಸಾಹುಕಾರರು ಶಾಂತವಾಗಿ ಹೇಳಿಹೋದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವರ ಕೆಲಸ ಹೋದರೆ ಶೆಡ್ಡಿಗೆ ಬೀಗ. ಆಮೇಲೆ ನಾನು ಗಿರಣಿಯ ಗೇಟಿನೆದುರು ದಿನಗೂಲಿಯವರ ಸಾಲಿನಲ್ಲಿ ನಿಲ್ಲಬೇಕು. ನನ್ನ ಸಿಟ್ಟಿನ ಬಾಯಿಗೆ ಅಲ್ಲಿ ಒಂದು ವಾರವೂ ಕೆಲಸ ಉಳಿಯುತ್ತಿರಲಿಲ್ಲ, ಅದನ್ನು ನನ್ನ ಹೆಂಡತಿ ದಿನಾ ನೆನಪಿಸುತ್ತಿದ್ದಳು.

ಅದೇ ಹೊತ್ತಿಗೆ ಹುಬ್ಬಳ್ಳಿಯಿಂದ ಒಬ್ಬ ಟೈ ಕಟ್ಟಿದ ಹುಡುಗ ಬಣ್ಣದ ಕ್ಯಾಟಲಾಗ್ ಹಿಡಿದು ಬಂದ. ಸಿ.ಎನ್.ಸಿ. ಲೇತ್ ಅಂತೆ. ಕಡೆಯುವುದೂ ಅದೇ, ಮಿಲ್ಲಿಂಗೂ ಅದೇ. ಅಳತೆ ಒತ್ತಿ ಬಿಟ್ಟರೆ ಸಾಕು, ಮನುಷ್ಯ ಪಕ್ಕಕ್ಕೆ ನಿಂತು ಚಹಾ ಕುಡಿಯಬಹುದು. ಬೆಲೆ ಕೇಳಿದೆ. ಅದನ್ನು ಕೇಳಿ ನಮ್ಮ ಹಳೆಯ ಲೇತ್ ಕೂಡ ನಕ್ಕಿರಬೇಕು. ಚಾಚಾ ಚಿತ್ರದ ಮೇಲೆ ಬೆರಳಾಡಿಸಿ, "ಅಂದ್ರ ಮನಷ್ಯಾ ಇಲ್ದನ ತಾನ ಓಡತೈತಿ?" ಎಂದರು. "ಹೌದ್ರಿ ಚಾಚಾ." "ತೋಬಾ ತೋಬಾ. ಹಂಗಾರ ಅದಕ್ಕ ನಾವ ಅಂಜಬೇಕೋ, ಅದು ನಮಗ ಅಂಜಬೇಕೋ?" ಹುಡುಗ ಪೆಚ್ಚಾಗಿ ನಕ್ಕ. ಕ್ಯಾಟಲಾಗಿನ ಹೊಳಪು ಹಾಳೆಯನ್ನು ನನ್ನ ಹೆಂಡತಿ ರೇಷನ್ ಡಬ್ಬಿಯ ಕೆಳಗೆ ಹಾಸಿದಳು.

ನಮ್ಮ ಕೈಗೆ ಎಟಕುವುದು ಬೇಕಿತ್ತು. ಹಳೆಯ ಲೇತ್ ಆದರೂ ಸರಿ, ಮೇಲೆ ಮಿಲ್ಲಿಂಗ್ ಜೋಡಣೆ ಇರಬೇಕು. ಒಂದು ಶುಕ್ರವಾರ ಚಾಚಾ ನಮಾಜು ಮುಗಿಸಿ ಬಂದವರೇ ಸುದ್ದಿ ಹೇಳಿದರು. ಹಳಿಯಾಳದಲ್ಲಿ ಒಬ್ಬ ಟರ್ನರ್ ತೀರಿಹೋಗಿದ್ದಾನೆ, ಅವನ ಹೆಂಡತಿ ಲೇತ್ ಮಾರುತ್ತಾಳೆ, ಮಿಲ್ಲಿಂಗ್ ಜೋಡಣೆಯನ್ನು ಆ ಟರ್ನರನೇ ಮಾಡಿ ಕೂರಿಸಿಕೊಂಡಿದ್ದ.

"ಸತ್ತವನ ಮಶೀನ್ ಮನೀಗೆ ತರಬ್ಯಾಡ್ರೀ" ಎಂದಳು ಹೆಂಡತಿ.

"ಮನೀಗೆ ಯಾರ ತರ್ತಾರ? ಶೆಡ್ಡಿಗೆ ತರ್ತೇನಿ. ಹೊಸಾ ಮಶೀನ್ ಬೇಕಂದ್ರ ನಿಮ್ಮಪ್ಪಗ ಹೇಳು, ಕೊಡಸ್ಲಿ" ಎಂದೆ. ಆಮೇಲೆ ಆ ದಿನದ ರೊಟ್ಟಿ ಚರ್ಮದ ಹಾಗೆ ಬಂದವು. ತಿಂದೆ.

ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಚಹಾ ಕುಡಿಯುತ್ತ ದಾರಿ ಕೇಳಿದೆವು. ಟರ್ನರನ ಮನೆ ಎಂದ ಕೂಡಲೆ ಚಹಾದಂಗಡಿಯವನ ಮೋರೆ ಬದಲಾಯಿತು. ಗ್ಲಾಸು ತೊಳೆಯುವುದನ್ನು ಬಿಟ್ಟು ಹತ್ತಿರ ಬಂದ.

"ಮಶೀನ್ ನೋಡಾಕ ಬಂದೀರೇನ್ರೀ? ತಗೋಬ್ಯಾಡ್ರಿ. ಅದು ತಾನ ಓಡತೈತಿ. ಅಂವಾ ಸತ್ತ ಮ್ಯಾಲೂ ದಿನಾ ಮುಂಜಾನೆ ಶುರು ಆಗತೈತಿ, ಮಧ್ಯಾಹ್ನ ನಿಲ್ಲತೈತಿ. ಶೆಡ್ಡಿಗೆ ಹೊರಗಿಂದ ಕೀಲಿ. ಒಳಗ ನರಪಿಳ್ಳೆ ಇರೂದಿಲ್ಲ."

"ನೀ ಕಣ್ಣಾರೆ ನೋಡೀಯೇನು?"

"ನೋಡೂದೇನ್ರೀ, ಇಡೀ ಓಣಿ ಕೇಳತೈತಿ."

"ಹಂಗಾರ ಛಲೋನ ಆತು. ಹುಬ್ಬಳ್ಳಿ ಹುಡುಗ ಹೇಳಿದ ಮಶೀನ್ ಹಳಿಯಾಳದಾಗ ಅಗ್ಗಕ್ಕ ಸಿಕ್ಕಂಗಾತು" ಎಂದು ನಾನು ಎದ್ದೆ. ಚಾಚಾ ಏಳಲಿಲ್ಲ. ಅರ್ಧ ಚಹಾ ಬಿಟ್ಟು ಬಾಯಲ್ಲಿ ಏನೋ ಪಠಿಸುತ್ತಿದ್ದರು. ತೋಳು ಹಿಡಿದು ಎಬ್ಬಿಸಬೇಕಾಯಿತು.

ಮನೆ ಊರ ತುದಿಯ ಓಣಿಯಲ್ಲಿತ್ತು. ಮುಂದೆ ಎರಡು ಖೋಲಿಯ ಹೆಂಚಿನ ಮನೆ, ಅದರ ಬೆನ್ನಿಗೆ ಅಂಟಿಕೊಂಡು ಶೆಡ್ಡು, ಪಕ್ಕದಲ್ಲಿ ಅಂಗಳ. ಓಣಿಯ ತಿರುವಿನಲ್ಲೇ ಸಪ್ಪಳ ಕೇಳಿಸಿತು. ಲೇತಿನ ಸಪ್ಪಳ ನನಗೆ ಹೇಳಿಕೊಡಬೇಕಾಗಿಲ್ಲ. ಹದವಾದ ವೇಗದಲ್ಲಿ, ತಡೆಯಿಲ್ಲದೆ ತಿರುಗುತ್ತಿತ್ತು. ಶೆಡ್ಡಿನ ಬಾಗಿಲಿಗೆ ಹೊರಗಿಂದ ದೊಡ್ಡ ಕೀಲಿ. ಕೀಲಿಯ ಮೇಲೆ ಜೇಡ ಬಲೆ ಕಟ್ಟಿತ್ತು.

ಬಿಸಿಲು ನೆತ್ತಿಗೆ ಬರುವ ಹೊತ್ತು. ಹೆದರುವ ಹೊತ್ತೇ ಅಲ್ಲ ಅದು. ತಗಡಿನ ಸಂದಿಗೆ ಕಣ್ಣಿಟ್ಟು ನೋಡಿದೆ. ಮಬ್ಬಿನಲ್ಲಿ ಲೇತಿನ ಚಕ್, ರಾಡನ್ನು ಕಚ್ಚಿ ಹಿಡಿಯುವ ಭಾಗ, ತಿರುಗುತ್ತಿತ್ತು. ಚಕ್ಕಿನ ಬಾಯಲ್ಲಿ ಒಂದು ರಾಡು ಇತ್ತು, ಅದೂ ತಿರುಗುತ್ತಿತ್ತು. ಮೊಳೆಗೆ ಒಂದು ಖಾಕಿ ಅಂಗಿ ನೇತುಬಿದ್ದಿತ್ತು. ಎದುರಿಗೆ ಟರ್ನರ್ ನಿಲ್ಲುವ ಹಲಗೆ ಇತ್ತು, ನಡುವೆ ಪಾದದ ಅಚ್ಚಿಗೆ ಸವೆದಿತ್ತು. ಹಲಗೆಯ ಮೇಲೆ ಯಾರೂ ಇರಲಿಲ್ಲ. ನಿಜ ಹೇಳುತ್ತೇನೆ, ಆ ಕ್ಷಣ ಓಡಿಹೋಗಬೇಕು ಅನ್ನಿಸಿತು. ಚಾಚಾ ಇದ್ದರು ಅಂತ ನಿಂತೆ. ಅವರು ಆಮೇಲೆ ಇದನ್ನೇ ನನ್ನ ಬಗ್ಗೆ ಹೇಳಿದರು.

ಅಷ್ಟರಲ್ಲಿ ಅಡುಗೆಮನೆಯ ಬಾಗಿಲು ತೆರೆಯಿತು. ಮೂವತ್ತರ ಆಸುಪಾಸಿನ ಹೆಂಗಸು. ಹೊಸ್ತಿಲಲ್ಲೇ ನಿಂತು, ಎರಡೂ ಕೈಯ ಹಸಿರು ಗಾಜಿನ ಬಳೆಗಳನ್ನು ಒಂದೊಂದಾಗಿ, ಸಪ್ಪಳವಾಗದಂತೆ ತೆಗೆದಳು. ಬಾಗಿಲ ಪಕ್ಕದ ಗೂಡಿನಲ್ಲಿ ಇಟ್ಟಳು. ಬರಿಗೈಯಲ್ಲಿ ಅಂಗಳಕ್ಕೆ ಬಂದಳು. ಸತ್ತ ಟರ್ನರನ ಹೆಂಡತಿ ಅವಳೇ.

"ಸಾವಕಾಶ ಮಾತಾಡ್ರಿ ಅಣ್ಣಾರ" ಎಂದಳು ಮೊದಲಿಗೇ. "ಒಳಗ ನಮ್ಮ ಅತ್ತಿ ಅದಾರ."

ಬೇವಿನ ನೆರಳಿಗೆ ಕರೆದೊಯ್ದು ಪಿಸುಮಾತಿನಲ್ಲಿ ಹೇಳಿದಳು. ಗಂಡ ಮಳೆಗಾಲದ ಹಿಂದೆ ಜೋಯಿಡಾ ಕಡೆ ಗಣಿಯ ಲಾರಿಯೊಂದರ ರಿಪೇರಿಗೆ ಹೋದವನು ಬರುವಾಗ ಘಟ್ಟದಲ್ಲಿ ಲಾರಿ ಉರುಳಿ ಹೋಗಿಬಿಟ್ಟ. ಮನೆಗೆ ಹೆಣ ತರಲಿಲ್ಲ. ಅತ್ತೆಗೆ ಲಕ್ವಾ ಹೊಡೆದು ಹಾಸಿಗೆ ಹಿಡಿದು ಆಗಲೇ ಬಹಳ ಕಾಲವಾಗಿತ್ತು, ಕಣ್ಣಿಗೂ ಪೊರೆ. ಅವನು ಒಬ್ಬನೇ ಮಗ. ಹೇಳಿದರೆ ಮುದುಕಿ ಅವತ್ತೇ ಹೋಗುತ್ತಾಳೆ ಎಂದು ಎಲ್ಲರೂ ಹೆದರಿಸಿದರು. ದಿನಕರ್ಮವನ್ನು ಅತ್ತಿವೇರಿ ಕಡೆಯ ತನ್ನ ತವರಿನಲ್ಲಿ ಗುಟ್ಟಾಗಿ ಮಾಡಿಸಿದಳು. ಸ್ಟಾರ್ಟರ್ ಅಡುಗೆಮನೆಯ ಗೋಡೆಗೇ ಇತ್ತು, ಶೆಡ್ಡು ಸೋರುತ್ತದೆ ಎಂದು ಗಂಡನೇ ಅಲ್ಲಿ ಹಾಕಿದ್ದ. ಅವಳು ದಿನಾ ಒಲೆ ಹಚ್ಚಿದ ಮೇಲೆ ಸ್ಟಾರ್ಟರ್ ಒತ್ತುತ್ತಿದ್ದಳು. ಲೇತ್ ತಿರುಗುತ್ತಿತ್ತು. ಗೋಡೆಯ ಈಚೆ ಮಲಗಿದ ತಾಯಿಗೆ ಮಗ ಕೆಲಸದಲ್ಲಿದ್ದಾನೆ.

"ಬೆಳಿಗ್ಗೆ ಲಗೂ ಎದ್ದು ಹೋಗ್ತಾರ, ನೀವು ಮಲಗಿದ ಮ್ಯಾಲೆ ಬರ್ತಾರ ಅಂತ ಹೇಳತೇನ್ರಿ. ಮೊದಮೊದಲು ಬಾಳ ಕೇಳತಿದ್ರು. ಈಗೀಗ ಕೇಳೂದ ಬಿಟ್ಟಾರ. ಸಪ್ಪಳ ಕೇಳಿ ಸಮಾಧಾನದಿಂದ ಇರ್ತಾರ."

"ಈ ಬಳಿ?" ಎಂದೆ. ಕೇಳಬಾರದಿತ್ತು, ಬಾಯಿ ತಡೆಯಲಿಲ್ಲ.

"ಉಣಸೂಮುಂದ ಕೈ ಹಿಡೀತಾರ್ರೀ ಅವರು. ಬರಿಗೈ ಇದ್ರ ಗೊತ್ತಾಗೂದಿಲ್ಲೇನು? ಒಳಗ ಹಾಕ್ಕೋತೇನಿ. ಹೊರಗ ಬರೂಮುಂದ ತಗೀತೇನಿ. ಇಲ್ಲಂದ್ರ ಓಣ್ಯಾಗಿನವರು ಬಿಡ್ತಾರೇನ್ರೀ, ಗಂಡ ಸತ್ತ ಮ್ಯಾಲೂ ಶೃಂಗಾರ ನೋಡು ಅಂತಾರ."

ಚಾಚಾ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡು ಮತ್ತೆ ಹಾಕಿಕೊಂಡರು.

ಮಾರದೆ ಅವಳಿಗೆ ಬೇರೆ ದಾರಿ ಇರಲಿಲ್ಲ. ಲೈಟ್ ಬಿಲ್ ಕಟ್ಟಲಾಗದೆ ಲೈನ್‌ಮನ್ ಬಂದು ಎಚ್ಚರಿಸಿ ಹೋಗಿದ್ದ. ಅತ್ತೆಯ ಔಷಧ ಬಾಕಿ. ಕರೆಂಟ್ ಕಡಿದರೆ ಹೇಗೂ ಸಪ್ಪಳ ನಿಲ್ಲುತ್ತದೆ. ಲೇತ್ ಹೋದರೂ ನಿಲ್ಲುತ್ತದೆ. ನಿಂತ ದಿನ ಮುದುಕಿಗೆ ಏನು ಹೇಳಬೇಕು ಎಂಬುದು ಅವಳ ಎದೆಯ ಮೇಲೆ ಕೂತಿತ್ತು.

"ಒಂದ ಮಾತು ಕೇಳ್ಲೇನ್ರೀ ಅಣ್ಣಾರ? ಲೇತ್ ಒಯ್ಯಿರಿ. ಮೋಟಾರ್ ಅಷ್ಟ ಬಿಟ್ಟ ಹೋಗ್ರಿ. ಅದು ಒಂದ ತಾಸು ಗುಂಯ್ ಅಂದ್ರೂ ಸಾಕು."

"ಮೋಟಾರ್ ಇಲ್ಲದ ಲೇತ್ ಒಯ್ದು ನಾ ಏನ ಅದರ ಮ್ಯಾಲೆ ಅರಬಿ ಒಣಗಿಸ್ಲೇನವಾ?" ಎಂದುಬಿಟ್ಟೆ. ಚಾಚಾ ಕಣ್ಣು ಬಿಟ್ಟರು. ಅವಳೇನೂ ಬೇಸರ ಮಾಡಿಕೊಳ್ಳಲಿಲ್ಲ. ಸೆರಗಿನ ಗಂಟಿನಿಂದ ಕೀಲಿಕೈ ತೆಗೆದು ಶೆಡ್ಡಿನ ಬಾಗಿಲು ತೆರೆದಳು.

ಲೇತಿನ ಮೈಮೇಲೇ ಇದ್ದ ಕ್ಲಚ್ ಹಿಡಿಕೆ ಎಳೆದು ಅದನ್ನು ನಿಲ್ಲಿಸಿ ನೋಡತೊಡಗಿದೆವು. ಎಷ್ಟೇ ಮರುಕ ಬಂದರೂ ನೋಡುವುದನ್ನು ನೋಡಲೇಬೇಕು. ಹಳೆಯ ಲೇತ್ ಕೊಳ್ಳುವವನು ಮೊದಲು ಬೆಡ್ ಮೇಲೆ ಉಗುರು ಎಳೆಯುತ್ತಾನೆ. ಬೆಡ್ ಎಂದರೆ ಟೂಲ್ ಹಿಡಿದ ಗಾಡಿ ಅತ್ತಿತ್ತ ಓಡಾಡುವ ಹಾದಿ. ಟರ್ನರ್ ಹೆಚ್ಚು ಹೊತ್ತು ಎಲ್ಲಿ ದುಡಿದಿರುತ್ತಾನೋ ಅಲ್ಲಿ ಅದು ಸವೆದಿರುತ್ತದೆ. ಇಲ್ಲಿ ಚಕ್ಕಿನ ಹತ್ತಿರ ಒಂದು ಗೇಣಿನಷ್ಟು ಜಾಗ ಸ್ವಲ್ಪ ಸವೆದಿತ್ತು. ಸಣ್ಣ ಸಣ್ಣ ಕೆಲಸ ಮಾಡಿದ ಮನುಷ್ಯ ಅಂತ ಅದನ್ನು ನೋಡಿಯೇ ಗೊತ್ತಾಗುತ್ತಿತ್ತು. ಹ್ಯಾಂಡಲ್ಲಿನ ಹಿಡಿ ಅವನ ಅಂಗೈಗೆ ಸವೆದು ಮಿರಿಮಿರಿ ಎನ್ನುತ್ತಿತ್ತು. ಹಿಡಿದೆ. ನನ್ನ ಹೆಬ್ಬೆರಳು ಅವನ ಹೆಬ್ಬೆರಳಿನ ತಗ್ಗಿನಲ್ಲಿ ಹೋಗಿ ಕೂತಿತು. ತಟ್ಟನೆ ಕೈ ತೆಗೆದೆ.

ಮಿಲ್ಲಿಂಗ್ ಜೋಡಣೆ ಅದ್ಭುತವಾಗಿತ್ತು. ಕಟ್ಟರನ್ನು ಚಕ್ಕಿಗೆ ಕೂರಿಸಿ, ಕೆಲಸವನ್ನು ಗಾಡಿಯ ಮೇಲಿನ ಹಿಡಿಕೆಗೆ ಬಿಗಿದು, ಮೇಲೆ ಕೆಳಗೆ ಸರಿಸಲು ಅವನೇ ಒಂದು ಸ್ಕ್ರೂ ಕಡೆದು ಹಾಕಿದ್ದ. ಮುಂಡಗೋಡದ ಗೇರಿನ ಹಲ್ಲು ಇದರ ಮೇಲೆ ಆಗುತ್ತದೆ, ಹುಬ್ಬಳ್ಳಿಯ ಹಂಗು ತಪ್ಪುತ್ತದೆ ಎಂದು ನನ್ನ ಜೀವ ಹಿಗ್ಗಿತು. ಹಿಗ್ಗಿದ್ದಕ್ಕೆ ನಾಚಿಕೆಯೂ ಆಯಿತು, ಯಾಕೆಂದರೆ ಆ ಹೆಂಗಸು ಬಾಗಿಲಲ್ಲೇ ನಿಂತು ನನ್ನ ಮುಖ ನೋಡುತ್ತಿದ್ದಳು.

"ಎಲ್ಲಾ ಛಲೋ" ಎಂದೆ.

"ಛಲೋ ಅಂತ ಹೆಂಗ ಅಂತೀ?" ಎಂದರು ಚಾಚಾ. "ಖಾಲಿ ತಿರಗಿದ್ರ ಯಾವ ಮಶೀನಾದ್ರೂ ನವಾಬನಾಂಗ ಗುಂಯ್ ಅಂತೈತಿ. ಕಟ್ ಹಾಕಿ ನೋಡು. ಕಬ್ಬಣ ತಾಗಿದಾಗ ನಡಗತೈತೋ ಇಲ್ಲೋ ತಿಳೀತೈತಿ."

ಅದು ಸರಿಯಾದ ಮಾತು. ಕಟ್ ಹಾಕದೆ ಯಾವ ಟರ್ನರನೂ ಲೇತ್ ಕೊಳ್ಳುವುದಿಲ್ಲ. ಖಾಲಿ ತಿರುಗುವ ಸಪ್ಪಳಕ್ಕೂ ಕಬ್ಬಿಣ ಕಡೆಯುವ ಸಪ್ಪಳಕ್ಕೂ ಎಷ್ಟು ಅಂತರವಿದೆ ಎಂದು ನಮ್ಮಿಬ್ಬರಿಗಿಂತ ಚೆನ್ನಾಗಿ ಬಲ್ಲವರು ಆ ಶೆಡ್ಡಿನಲ್ಲಿರಲಿಲ್ಲ. ಆದರೂ ಗೋಡೆಯ ಆಚೆ ಅದನ್ನು ಬಲ್ಲವರು ಇರಬಹುದು ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

"ಹಾಕ್ರಿ" ಎಂದಳು ಅವಳೂ. "ಸಪ್ಪಳ ಜೋರ್ ಬಂದ್ರ ಅತ್ತಿಗೆ ಇನ್ನೂ ಖುಷಿನ ಆಗತೈತಿ."

ಚಕ್ಕಿನಲ್ಲಿದ್ದ ರಾಡು ಅವನು ಅರ್ಧ ಕಡೆದು ಬಿಟ್ಟದ್ದು. ಅರ್ಧ ಮೈ ನುಣುಪು, ಅದರ ಮೇಲೆ ತೆಳ್ಳಗೆ ತುಕ್ಕು. ಉಳಿದರ್ಧ ಒರಟು ಕಪ್ಪು. ಯಾವುದೋ ಕಟ್ಟಿಗೆ ಮಿಲ್ಲಿನ ಪಿನ್ ಇರಬೇಕು. "ಜೋಯಿಡಾದಿಂದ ಬಂದು ಮುಗಸ್ತೇನಿ ಅಂತ ಹೇಳಿ ಹಂಗ ಹೋದ್ರು. ತಗೀಲಾಕ ನನಗ ಮನಸ್ಸಾಗಲಿಲ್ರೀ" ಎಂದಳು. ಆ ರಾಡು ಹಾಗೇ ದಿನಾ ತಿರುಗುತ್ತಿತ್ತು. ಬೇರೆ ರಾಡು ಹಾಕು ಎಂದರು ಚಾಚಾ. ಮತ್ತೆ ಬಿಚ್ಚಿ ಕೂರಿಸುವುದು ಯಾಕೆ, ಟೂಲ್ ಅವನು ನಿಲ್ಲಿಸಿದಲ್ಲೇ ಇದೆ ಎಂದು ನಾನು ಅವರ ಮಾತು ಕೇಳಲಿಲ್ಲ.

ಲೇತ್ ಚಾಲೂ ಮಾಡಿ, ಟೂಲ್ ಒತ್ತಿ, ಅವನ ಕಟ್ ನಿಂತಲ್ಲಿಂದ ನಾನು ಶುರು ಮಾಡಿದೆ. ಗಾಡಿ ತಾನಾಗಿ ಮುಂದೆ ಸರಿಯುವಂತೆ ಹಿಡಿಕೆ ಎತ್ತಿದೆ. ಕಬ್ಬಿಣ ಸೀಳಿ ಸುರುಳಿ ಸುರುಳಿಯಾಗಿ ಬೀಳತೊಡಗಿತು. ಸಪ್ಪಳ ದಪ್ಪವಾಯಿತು. ಗೋಡೆಗೆ, ತಗಡಿಗೆ, ನಮ್ಮ ಎದೆಗೆ ಹತ್ತಿತು. ಎಣ್ಣೆ ಸುಟ್ಟ ವಾಸನೆ ಶೆಡ್ಡು ತುಂಬಿತು. ನಡುಕವಿಲ್ಲದ, ತುಂಬಿದ ದನಿ. ಚಾಚಾ ನನ್ನ ಕಡೆ ನೋಡಿ ಗೋಣು ಹಾಕಿದರು. ಲೇತ್ ನಮ್ಮದಾಯಿತು ಎಂದುಕೊಂಡೆ.

ಆಗ ಗೋಡೆಯ ಆಚೆಯಿಂದ ಕೂಗು ಬಂತು.

"ಯಪ್ಪಾ! ಬಂದ್ಯಾ?"

ಒಡೆದ ದನಿ. ಬಹಳ ದಿನ ಯಾರನ್ನೂ ಕೂಗದ ಗಂಟಲು.

"ಯಾವಾಗ ಬಂದಿ ನನ್ನಪ್ಪಾ?"

ಬಾಗಿಲಲ್ಲಿ ನಿಂತ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡಳು. ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಮಗ ದಿನಾ ಇಲ್ಲೇ ಕೆಲಸ ಮಾಡುತ್ತಿದ್ದಾನೆ ಎಂದು ನಂಬಿದ ತಾಯಿ, ಯಾವಾಗ ಬಂದಿ ಎಂದು ಯಾಕೆ ಕೇಳುತ್ತಾಳೆ? ಇಷ್ಟು ತಿಂಗಳು ಅವನು ಇರಲಿಲ್ಲ ಎಂದು ಅವಳಿಗೆ ಗೊತ್ತಿತ್ತು. ಖಾಲಿ ತಿರುಗುವ ಸಪ್ಪಳವನ್ನು ದಿನಾ ಕೇಳಿ, ಖಾಲಿ ಎಂದು ತಿಳಿದು, ಸುಮ್ಮನೆ ಮಲಗಿದ್ದಳು. ಇವತ್ತು ಕಬ್ಬಿಣ ಕಡೆಯಿತು. ಮಗ ಬಂದ.

ನಿಲ್ಲಿಸಲು ಕೈ ಎತ್ತಿದೆ, ಕೈ ಹೋಗಲಿಲ್ಲ. ನಿಲ್ಲಿಸಿದರೆ ಅವನು ಮತ್ತೊಮ್ಮೆ ಹೋಗುತ್ತಾನೆ. ಟೂಲ್ ತಾನಾಗಿ ಸರಿಯುತ್ತಿತ್ತು. ನಾನು ಅವನ ಹಲಗೆಯ ಮೇಲೆ, ಅವನ ಪಾದದ ಅಚ್ಚಿನಲ್ಲಿ ನಿಂತಿದ್ದೆ. ಚಾಚಾ ಕಣ್ಣು ಮುಚ್ಚಿದ್ದರು. ರಾಡಿನ ಕಪ್ಪು ಮೈ ಕಡಿಮೆಯಾಗುತ್ತ, ಕಡಿಮೆಯಾಗುತ್ತ, ತುದಿಗೆ ಬಂತು. ಕಡೆಯಲು ಏನೂ ಉಳಿಯಲಿಲ್ಲ. ಸಪ್ಪಳ ಮತ್ತೆ ಖಾಲಿಯಾಯಿತು.

"ಯಾಕ ನಿಂದ್ರಿಸಿದಿ? ಒಳಗ ಬಾ ಯಪ್ಪಾ. ಮಾರಿ ಮುಟ್ಟತೇನಿ, ಬಾ."

ಹೆಂಗಸು ಓಡಿದಳು. ನಾನು ಲೇತ್ ನಿಲ್ಲಿಸಿ ಅವಳ ಹಿಂದೆ ಅಡುಗೆಮನೆಯ ಬಾಗಿಲ ತನಕ ಹೋದೆ. ಗೂಡಿನಲ್ಲಿ ಬಳೆಗಳು ಹಾಗೇ ಇದ್ದವು. ಅವಸರದಲ್ಲಿ ಅವಳು ಹಾಕಿಕೊಳ್ಳಲು ಮರೆತಿದ್ದಳು.

ಒಳಗಿನ ಖೋಲಿ ಅಲ್ಲಿಂದ ಕಾಣುತ್ತಿತ್ತು. ಮುದುಕಿ ಸರಿಯಿದ್ದ ಒಂದು ಕೈಯನ್ನು ಗಾಳಿಯಲ್ಲಿ ಚಾಚಿದ್ದಳು. ಸೊಸೆ ಹತ್ತಿರ ಹೋದ ಕೂಡಲೆ ಆ ಕೈ ಅವಳ ಮುಂಗೈ ಹಿಡಿಯಿತು. ಹಿಡಿದು, ತಡವಿತು. ಸೊಸೆಯ ಮತ್ತೊಂದು ಕೈ ಹುಡುಕಿ ಅದನ್ನೂ ತಡವಿತು. ಎರಡೂ ಬರಿಗೈ. ಮುದುಕಿ ಗೋಡೆಯ ಕಡೆಗೆ ಮುಖ ಹೊರಳಿಸಿದಳು.

"ಅವ ಅಲ್ಲಲಾ ಅದು" ಎಂದಳು ಆಮೇಲೆ.

"ಅಲ್ರೀ ಅತ್ತಿ." ಸೊಸೆ ಕುಸಿದು ಕೂತಳು. "ದಾಂಡೇಲಿಯವರು. ಮಶೀನ್ ನೋಡಾಕ ಬಂದಾರ."

"ಮರುಳಾದೆ. ಕಬ್ಬಣದ ಸಪ್ಪಳ ಕೇಳಿ ಒಂದ ಗಳಿಗಿ ಮರುಳಾದೆ ನೋಡು."

"ನಿಮಗ ಗೊತ್ತಿತ್ತೇನ್ರೀ?"

"ಗೊತ್ತಿರೂದಿಲ್ಲೇನವಾ? ಇಷ್ಟ ವರ್ಷ ಈ ಗ್ವಾಡಿಗೆ ತಲಿ ಕೊಟ್ಟ ಮಲಗೇನಿ. ಬರೇ ತಿರಗತಿತ್ತು ಅದು. ಒಂದ ದಿನ ಕಬ್ಬಣ ಕಡೀಲಿಲ್ಲ. ಅಂವಾ ಇದ್ದಾಗ ಹಂಗ ಖಾಲಿ ಬಿಟ್ಟಿದ್ರ, ಕರೆಂಟ್ ಯಾಕ ಸುಡತೀಯೋ ಅಂತ ನಾನ ಒದರತಿದ್ದೆ."

"ಮತ್ತ ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಬಳಿ ತಗದ ಇಡತಿದ್ದಿ." ಮುದುಕಿ ಸೊಸೆಯ ಬರಿ ಮುಂಗೈಯನ್ನು ಬಿಟ್ಟಿರಲಿಲ್ಲ. "ದಿನಾ ಉ‌ಣಸೂಮುಂದ ಇವು ಕಿಣಿಕಿಣಿ ಅಂತಿದ್ವು. ಮಗ ಹೋದ, ಇವೂ ಹೋದ್ರ ನಾ ಯಾವುದಕ್ಕ ಜೀವ ಹಿಡದ ಮಲಗ್ಲಿ? ನಿನ್ನ ವಯಸ್ಸರೇ ಏನು? ಅದಕ್ಕ ಬಾಯಿ ಮುಚ್ಚಿದ್ದೆ."

ಸೊಸೆ ಅಲ್ಲೇ ಹಾಸಿಗೆಯ ಅಂಚಿಗೆ ತಲೆಯಿಟ್ಟು ಗಟ್ಟಿಯಾಗಿ ಅತ್ತಳು. ಗಂಡ ಸತ್ತ ಮೇಲೆ ಆ ಮನೆಯೊಳಗೆ ಅವಳು ದನಿ ತೆಗೆದು ಅತ್ತದ್ದು ಅವತ್ತೇ ಮೊದಲು ಎಂದು ಆಮೇಲೆ ತಿಳಿಯಿತು. ಮುದುಕಿ ಅವಳ ತಲೆ ಸವರುತ್ತ, ಬಾಗಿಲ ಕಡೆಗೆ ಮುಖ ತಿರುಗಿಸಿದಳು.

"ಅಲ್ಲಿ ನಿಂತವರು ಯಾರು, ಕಟ್ ಹಾಕಿದವರೇನು?"

"ಹೌದವ್ವಾ" ಎಂದೆ.

"ಒಯ್ಯಿರಿ ಅದನ್ನ. ಖಾಲಿ ತಿರಗಸಬ್ಯಾಡ್ರಿ. ಕೆಲಸ ಮಾಡ್ರಿ ಅದರ ಮ್ಯಾಲೆ." ಸ್ವಲ್ಪ ತಡೆದು, "ಉಂಡೀರೇನು?" ಎಂದಳು. ಉಂಡಿಲ್ಲ ಎಂದೆವು. ನನ್ನ ಹೆಂಡತಿ ಕಟ್ಟಿಕೊಟ್ಟ ಬುತ್ತಿ ಚಾಚಾನ ಚೀಲದಲ್ಲೇ ಇತ್ತು. ಅವರೂ ತುಟಿ ಪಿಟಕ್ಕೆನ್ನಲಿಲ್ಲ. ಆ ಮನೆಯಲ್ಲಿ ಉಂಡೇ ಎದ್ದೆವು.

ಬಸ್ಸಿನಲ್ಲಿ ಕೈಯಲ್ಲಿದ್ದ ಪಿನ್ನನ್ನು ತಿರುವಿ ತಿರುವಿ ನೋಡುತ್ತ ಬಂದೆ. ಕಡೆದು ಮುಗಿದ ಅದನ್ನು ಸೊಸೆ ನನ್ನ ಕೈಗೇ ಕೊಟ್ಟಿದ್ದಳು. ಅರ್ಧ ಅವನು ಕಡೆದದ್ದು, ಅರ್ಧ ನಾನು. ಎರಡೂ ಕೂಡಿದ ಜಾಗದಲ್ಲಿ ಬೆರಳಿಟ್ಟರೆ ಒಂದು ಕೂದಲೆಳೆಯಷ್ಟು ಏಣು ಸಿಗುತ್ತದೆ. ಇವತ್ತಿಗೂ ಅದು ನನ್ನ ಶೆಡ್ಡಿನ ಕಿಟಕಿಯಲ್ಲಿದೆ, ಯಾರಿಗೂ ಮುಟ್ಟಗೊಡುವುದಿಲ್ಲ. ಮುಂಡಗೋಡದ ಸಾಹುಕಾರರ ಗೇರು ಸುಗ್ಗಿಗೆ ಮೊದಲೇ ನಮ್ಮಲ್ಲೇ ಆಯಿತು. ಶೆಡ್ಡು ಉಳಿಯಿತು. ಸತ್ತವನ ಮಶೀನ್ ಎಂದಿದ್ದ ನನ್ನ ಹೆಂಡತಿಯೇ ಖಂಡೇಪೂಜೆಯ ದಿನ ಅದಕ್ಕೆ ಮೊದಲ ಹೂವು ಏರಿಸಿದಳು. ಆದರೆ ಆ ಲೇತನ್ನು ನಾನು ಯಾವತ್ತೂ ಖಾಲಿ ತಿರುಗಲು ಬಿಟ್ಟಿಲ್ಲ. ಯಾರಾದರೂ ಬಿಟ್ಟರೆ ಅವರ ಗ್ರಹಚಾರ ಬಿಡಿಸುತ್ತೇನೆ.

ಲೇತ್ ತರಲು ಲಾರಿ ತೆಗೆದುಕೊಂಡು ಹೋದ ದಿನದ ಮಾತು ಹೇಳಿ ಮುಗಿಸುತ್ತೇನೆ. ಬೆಳಿಗ್ಗೆಯಿಂದಲೇ ಓಣಿಯವರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ದೆವ್ವದ ಮಶೀನ್ ಹೊರಗೆ ಬರುವಾಗ ಏನಾದರೂ ಆಗುತ್ತದೆ ಎಂದು ಕಾಯುತ್ತಿದ್ದರು. ಹಗ್ಗ, ಹಾರೆ, ಕೂಗಾಟ ಎಲ್ಲ ಮುಗಿದು ಲೇತ್ ಲಾರಿ ಏರಿತು. ಶೆಡ್ಡಿನಲ್ಲಿ ಎಣ್ಣೆಯ ಕಲೆ, ಸವೆದ ಹಲಗೆ ಅಷ್ಟೇ ಉಳಿದವು. ಓಣಿಯಲ್ಲಿ ಸದ್ದಡಗಿತು. ಆ ಮೌನ ನನಗೆ ಅಂಜಿಕೆ ಹುಟ್ಟಿಸಿತು. ಆ ಗೋಡೆಗೆ ತಲೆ ಕೊಟ್ಟು ಮಲಗಿದವಳಿಗೆ ಈಗ ಏನು ಕೇಳಿಸುತ್ತದೆ?

ಒಳಗಿಂದ ಸೊಸೆಯನ್ನು ಕರೆಯುವ ದನಿ ಬಂತು. "ತಂಗೀ, ಎಲ್ಲಿದೀಯವಾ?"

ನಮ್ಮನ್ನು ಕಳಿಸಲು ಆ ಹೆಂಗಸು ಅಂಗಳ ದಾಟಿ ರಸ್ತೆಗೇ ಬಂದಿದ್ದಳು. ಬಾಗಿಲ ಪಕ್ಕದ ಗೂಡು ಖಾಲಿಯಿತ್ತು. ಕಟ್ಟೆಯ ಮೇಲಿನ ಹೆಂಗಸರು ಅವಳ ಕೈಯನ್ನೇ ನೋಡುತ್ತಿದ್ದರು. ಅವಳು ಅವರ ಕಡೆ ನೋಡಲಿಲ್ಲ, ಬಾಯಿಂದ ಉತ್ತರವನ್ನೂ ಕೊಡಲಿಲ್ಲ. ಓಣಿಯ ನಡುವೆ ನಿಂತು, ಎರಡೂ ಕೈ ಮೇಲಕ್ಕೆತ್ತಿ, ಹಸಿರು ಬಳೆಗಳನ್ನು ಜೋರಾಗಿ ಅಲ್ಲಾಡಿಸಿದಳು.

"ಹಾಂ" ಎಂದಿತು ಒಳಗಿನ ದನಿ. "ಕೇಳಸ್ತು."